ಅಣ್ಣನ ಸಿ.ಟಿ. ರಿಪೋರ್ಟ್‌ನಲ್ಲಿ ‘ಇಂಟಸಸೆಪ್ಶನ್’ ಅಂತ ಬಂದಿದೆ, ದೊಡ್ಡವರಿಗೂ ಇದು ಬರುತ್ತಾ?

ಗದಗ ಪ್ರೆಸ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೂತು ಬರೀತಿದ್ದೇನೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮಣ್ಣನಿಗೆ 46 ವರ್ಷ. ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ ಇದೆ. ಬಿ.ಪಿ., ಶುಗರ್ ಏನೂ ಇಲ್ಲ. ಮಳೆಗಾಲದಿಂದಲೂ ಹೊಟ್ಟೆನೋವು ಬಂದು ಹೋಗಿ ಮಾಡುತ್ತಿತ್ತು. ಊಟ ಆದ ಮೇಲೆ ಹೊಕ್ಕಳ ಬಲಗಡೆ ಹಿಂಡಿದ ಹಾಗೆ ಶುರುವಾಗುತ್ತೆ. ಮೊಣಕಾಲು ಎದೆಗೆ ಅವಚಿಕೊಂಡು ಮಲಗುತ್ತಾನೆ. ಒಂದೆರಡು ಸಲ ವಾಂತಿ. ಅರ್ಧ ಮುಕ್ಕಾಲು ಗಂಟೆ ಕಳೆದರೆ ಮುಖ ತೊಳೆದುಕೊಂಡು ಮತ್ತೆ ಮಷಿನ್ ಮುಂದೆ ನಿಂತಿರುತ್ತಾನೆ. ‘ನಿಂದು ಬರೇ ಗ್ಯಾಸು, ಮಿರ್ಚಿ ಬಜಿ ಬಿಡು’ ಅಂತ ಮನೆಯಲ್ಲಿ ಎಲ್ಲರೂ ಬೈದದ್ದೇ ಬೈದದ್ದು. ಡಾಕ್ಟರೂ ಗ್ಯಾಸಿಗೇ ಮಾತ್ರೆ ಕೊಟ್ಟಿದ್ದರು. ಎಂಡೋಸ್ಕೋಪಿ ನಾರ್ಮಲ್, ಹೊಟ್ಟೆ ಸ್ಕ್ಯಾನಿಂಗೂ (ಅಲ್ಟ್ರಾಸೌಂಡ್) ನಾರ್ಮಲ್.

ಈ ಸಲ ನೋವು ಬಿಡಲೇ ಇಲ್ಲ. ಹೊಟ್ಟೆ ಉಬ್ಬಿತು, ಹಸಿರು ವಾಂತಿ ಆಯ್ತು. ರಾತ್ರಿಯೇ ಸ್ಕ್ಯಾನ್ ಮಾಡಿ, ಇಲ್ಲಿಗೆ ಕಳಿಸಿ, ಸಿ.ಟಿ. ಆಯ್ತು. ಸಣ್ಣ ಕರುಳಿನ ಕೊನೆಯ ಭಾಗ ದೊಡ್ಡ ಕರುಳಿನೊಳಗೆ ಹೊಕ್ಕಿದೆಯಂತೆ, ಅದಕ್ಕೇ ಇಂಟಸಸೆಪ್ಶನ್ ಅಂತಾರಂತೆ. ಹೊಕ್ಕ ಭಾಗದ ತುದಿಯಲ್ಲಿ 3.5 ಸೆಂ.ಮೀ. ಗಾತ್ರದ ಕೊಬ್ಬಿನ ಗಂಟು, ಲೈಪೋಮಾ ಇರಬಹುದಂತೆ. ಕರುಳಿಗೆ ರಕ್ತ ಹರಿಯುತ್ತಿದೆ, ಹೊಟ್ಟೆಯಲ್ಲಿ ನೀರು ತುಂಬಿಲ್ಲ ಅಂತಲೂ ಇದೆ. ನಾಳೆ ಆಪರೇಷನ್ ಅಂತಿದ್ದಾರೆ.

ನನ್ನ ಗೊಂದಲ ಏನಂದರೆ, ಇದು ಎಳೆ ಮಕ್ಕಳಿಗೆ ಬರೋದು ಅಲ್ವಾ? ನಮ್ಮ ಅಕ್ಕನ ಮಗುವಿಗೆ ಎಂಟು ತಿಂಗಳಿದ್ದಾಗ ಇದೇ ಆಗಿತ್ತು. ಗುದದ್ವಾರದಿಂದ ನೀರು ಬಿಟ್ಟು, ಸ್ಕ್ಯಾನ್ ನೋಡುತ್ತಾ ಸರಿ ಮಾಡಿದರು, ಮಾರನೇ ದಿನ ಮನೆಗೆ ಬಂತು. ಅಣ್ಣನಿಗೆ ಹಾಗೆ ಮಾಡೋಕೆ ಬರಲ್ವಾ? ಕೊಬ್ಬಿನ ಗಂಟಿಗೆ ಕರುಳನ್ನೇ ಕತ್ತರಿಸಬೇಕಾ?

ಸೂಜಿ ದಾರ

ನಾನು ಧಾರವಾಡದಲ್ಲಿ ಸರ್ಜನ್. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳೋದಿಲ್ಲ. ರಿಪೋರ್ಟಿನ ಅರ್ಥ ಬಿಡಿಸಿ ಹೇಳುತ್ತೇನೆ.

ತುಂಬುತೋಳಿನ ಅಂಗಿ ಬಿಚ್ಚುವಾಗ ತೋಳು ಅರ್ಧ ಒಳಕ್ಕೆ ಸೇರಿಕೊಳ್ಳುತ್ತಲ್ಲ, ಹಾಗೆ ಕರುಳಿನ ಒಂದು ಭಾಗ ಅದರ ಮುಂದಿನ ಭಾಗದೊಳಗೆ ಹೋಗಿ ಕೂತಿದೆ. ಕರುಳು ಒಂದೇ ಸಮನೆ ಹಿಂಡುತ್ತಾ ಅನ್ನವನ್ನು ಮುಂದಕ್ಕೆ ತಳ್ಳುತ್ತಿರುತ್ತೆ. ಒಳಗೋಡೆಗೆ ಅಂಟಿದ ಗಂಟೊಂದು ಇದ್ದರೆ ಅದನ್ನೂ ತುತ್ತು ಅಂತಲೇ ತಿಳಿದು ತಳ್ಳುತ್ತೆ. ಗಂಟು ಮುಂದೆ ಹೋದಾಗ ಅಂಟಿಕೊಂಡ ಕರುಳೂ ಹಿಂದೆಯೇ ಹೋಗುತ್ತೆ. ಕೆಲವು ಸಲ ತಾನೇ ಹೊರಗೆ ಬಂದುಬಿಡುತ್ತೆ. ನಿಮ್ಮಣ್ಣ ಎದ್ದು ಮಷಿನ್ ಮುಂದೆ ನಿಲ್ಲುತ್ತಿದ್ದದ್ದು ಅದಕ್ಕೇ.

ಒಟ್ಟು ಇಂಟಸಸೆಪ್ಶನ್‌ಗಳಲ್ಲಿ ಸುಮಾರು 95% ಮಕ್ಕಳಲ್ಲಿ, 5% ಮಾತ್ರ ದೊಡ್ಡವರಲ್ಲಿ. ಮಕ್ಕಳಲ್ಲಿ ಹೆಚ್ಚಿನ ಸಲ ಒಳಗೆ ಗಂಟು ಗಿಂಟು ಏನೂ ಸಿಗೋದಿಲ್ಲ. ಹಾಗಾಗಿ ಗಾಳಿಯೋ ನೀರೋ ಒತ್ತಡದಿಂದ ಬಿಟ್ಟು ಹಿಂದಕ್ಕೆ ತಳ್ಳಿದರೆ ಕೆಲಸ ಮುಗಿಯಿತು. ದೊಡ್ಡವರಲ್ಲಿ ಬಹುಪಾಲು ಕೇಸ್‌ಗಳಲ್ಲಿ, 70 ರಿಂದ 90% ಅಂತ ಪುಸ್ತಕಗಳು ಹೇಳುತ್ತವೆ, ಎಳೆದುಕೊಂಡು ಹೋದದ್ದು ಏನೋ ಒಂದು ಇದ್ದೇ ಇರುತ್ತೆ. ನೀರು ಬಿಟ್ಟು ಸರಿ ಮಾಡಿದರೂ ಅದು ಅಲ್ಲೇ ಉಳಿಯುತ್ತೆ. ಮತ್ತೆ ಎಳೆಯುತ್ತೆ. ಜೊತೆಗೆ ಊದಿಕೊಂಡ ಕರುಳು ಒತ್ತಡಕ್ಕೆ ಒಡೆಯುವ ಭಯ ಬೇರೆ.

ದೊಡ್ಡವರ ಕೇಸ್ ಬಂದರೆ ನನ್ನ ಮೊದಲ ಪ್ರಶ್ನೆ ಒಂದೇ: ಯಾವುದು ಎಳೆಯಿತು? ಆಪರೇಷನ್ ಬೇಕಾ, ಎಷ್ಟು ತೆಗೀಬೇಕು, ಹೇಗೆ ತೆಗೀಬೇಕು, ಎಲ್ಲ ಅದರ ಮೇಲೆ ನಿಂತಿದೆ.

ಬ್ಯಾಡಗಿ ಖಾರ

ಸಣ್ಣ ಗಂಟಿಗೆಲ್ಲ ಕೊಯ್ಯೋದು ಈಗಿನ ಫ್ಯಾಶನ್ ಆಗಿದೆ. ನಮ್ಮ ಕಡೆ ಹೊಕ್ಕಳು ಸರಿದಿದೆ ಅಂತ ಹೊಟ್ಟೆ ತಿಕ್ಕಿಸುತ್ತಾರೆ, ಮೇಲೆ ಒಂದು ಗುಟುಕು ಔಡಲೆಣ್ಣೆ ಕುಡಿಸುತ್ತಾರೆ. ಒಂದು ದಿನ ನೋಡಿ, ಆಗದಿದ್ದರೆ ಆಪರೇಷನ್ ಇದ್ದೇ ಇದೆ.

ನವಲಗುಂದ ಜಮಖಾನ

ಅಣ್ಣಾರೇ, ದಯವಿಟ್ಟು ಈ ಸಲಹೆ ಕೊಡಬೇಡಿ. ನಾನು ಸರ್ಜಿಕಲ್ ವಾರ್ಡಿನಲ್ಲಿ ಸಿಸ್ಟರ್. ಕರುಳು ಕಟ್ಟಿದವರಿಗೆ ಭೇದಿ ಎಣ್ಣೆ ಕುಡಿಸಿದರೆ ಕರುಳು ಇನ್ನೂ ಜೋರಾಗಿ ಹಿಂಡುತ್ತೆ. ಮುಂದೆ ದಾರಿ ಇಲ್ಲ. ಕುಡಿದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಅದೊಂದು ಬೇರೆ ರಾಮಾಯಣ. ತಿಕ್ಕೋದಂತೂ ಬೇಡವೇ ಬೇಡ.

ತಮ್ಮಾ, ಅಣ್ಣನಿಗೆ ಬಾಯಿಂದ ನೀರೂ ಕೊಡಬೇಡಿ, ಅವರು ಎಷ್ಟೇ ಕೇಳಲಿ. ತುಟಿ ಒಣಗಿದರೆ ಹತ್ತಿ ಒದ್ದೆ ಮಾಡಿ ಒರೆಸಿ. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿರುತ್ತಾರೆ ಅಲ್ವಾ, ಅದಕ್ಕೆ ಕಟ್ಟಿದ ಚೀಲದಲ್ಲಿ ಹಸಿರು ನೀರು ಇಳಿಯುತ್ತಿರಬೇಕು. ಟ್ಯೂಬ್ ದಿಂಬಿನ ಕೆಳಗೆ ಮಡಚಿಕೊಂಡರೆ ಇಳಿಯೋದು ನಿಲ್ಲುತ್ತೆ, ವಾಂತಿ ಮತ್ತೆ ಶುರು. ಆಗಾಗ ನೋಡ್ತಾ ಇರಿ. ಮೂತ್ರದ ಅಳತೆ ಬರೆದುಕೊಳ್ಳೋದು ಸುಮ್ನೆ ಅಲ್ಲ, ಡ್ರಿಪ್ ಸಾಕಾಗುತ್ತಿದೆಯಾ ಅಂತ ಅದರಿಂದಲೇ ಗೊತ್ತಾಗೋದು.

ರಾತ್ರಿ ನೋವು ಬಿಟ್ಟು ಬಿಟ್ಟು ಬರುವುದು ನಿಂತು ಒಂದೇ ಸಮ ಆದರೆ, ಮೈ ಬಿಸಿಯಾದರೆ, ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿದ್ದರೆ, ಬೆವರಿ ನಾಡಿ ಓಡತೊಡಗಿದರೆ ತಕ್ಷಣ ಸಿಸ್ಟರ್ ಕರೀರಿ. ಬೆಳಗ್ಗೆ ರೌಂಡ್ಸ್‌ಗೆ ಹೇಳೋಣ ಅಂತ ಕೂರಬೇಡಿ.

ಸೂಜಿ ದಾರ

ಸಿಸ್ಟರ್ ಹೇಳಿದ್ದು ಪೂರ್ತಿ ಸರಿ. ಕಾರಣ ಇಷ್ಟು: ಕರುಳು ಒಳಗೆ ಹೋಗುವಾಗ ಅದಕ್ಕೆ ರಕ್ತನಾಳ ತರುವ ಪೊರೆಯನ್ನೂ ಎಳೆದುಕೊಂಡು ಹೋಗುತ್ತೆ. ಮೊದಲು ರಕ್ತ ವಾಪಸ್ ಹೋಗುವ ನಾಳ ಅಮುಕುತ್ತೆ, ಕರುಳು ಊದುತ್ತೆ. ಊದಿದಷ್ಟೂ ಬಿಗಿ ಜಾಸ್ತಿ. ಕೊನೆಗೆ ರಕ್ತ ತರುವ ನಾಳವೂ ಮುಚ್ಚಿದರೆ ಆ ಭಾಗ ಕಪ್ಪಾಗಿ ಕೊಳೆಯುತ್ತೆ. ಅಲ್ಲಿಗೆ ಮುಟ್ಟುವ ಮೊದಲು ಆಪರೇಷನ್ ಆಗಬೇಕು. ಈಗ ರಕ್ತ ಹರಿಯುತ್ತಿದೆ ಅಂತ ಸಿ.ಟಿ. ಹೇಳಿದ್ದು ಒಳ್ಳೆಯ ಸುದ್ದಿ. ಆದರೆ ಅದು ಸಿ.ಟಿ. ತೆಗೆದ ಗಳಿಗೆಯ ಸುದ್ದಿ.

ಗಿರಮಿಟ್ ಪ್ರೇಮಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಿಡ್ನಿ ಸ್ಟೋನ್ ಅಂತ ಹೋದ ವರ್ಷ ನನಗೆ ಸಿ.ಟಿ. ಮಾಡಿದರು. ರಿಪೋರ್ಟ್ ಕೆಳಗೆ ‘ಸಣ್ಣ ಕರುಳಿನಲ್ಲಿ ಇಂಟಸಸೆಪ್ಶನ್’ ಅಂತಲೂ ಇತ್ತು. ಗೂಗಲ್ ಮಾಡಿ ಅರ್ಧ ಜೀವ ಹೋಯ್ತು. ಡಾಕ್ಟರ್ ನೋಡಿ ‘ಬಿಡ್ರೀ, ಏನಾಗಲ್ಲ’ ಅಂದರು. ಇವತ್ತಿನವರೆಗೂ ಏನೂ ಆಗಿಲ್ಲ. ಹಾಗಿದ್ದ ಮೇಲೆ ಎಲ್ಲರಿಗೂ ಆಪರೇಷನ್ ಬೇಕೇ ಬೇಕು ಅನ್ನೋದು ಹೇಗೆ?

ಕಪ್ಪು ಫಿಲ್ಮ್

ಬಹಳ ಒಳ್ಳೆ ಪ್ರಶ್ನೆ. ನಾನು ರೇಡಿಯಾಲಜಿಯಲ್ಲಿ ಇದ್ದೇನೆ, ದಿನಾ ಇದೇ ಕೆಲಸ.

ಹಿಂದೆ ದೊಡ್ಡವರ ಇಂಟಸಸೆಪ್ಶನ್ ಅಂದರೆ ನೇರ ಆಪರೇಷನ್ ಟೇಬಲ್. ಸಿ.ಟಿ. ಮನೆಮಾತಾದ ಮೇಲೆ ನಿಮ್ಮಂಥ ಕೇಸ್‌ಗಳು ಕಣ್ಣಿಗೆ ಬೀಳತೊಡಗಿದವು. ಬೇರೆ ಯಾವುದಕ್ಕೋ ತೆಗೆದ ಸಿ.ಟಿ., ಸಣ್ಣ ಕರುಳಿನ ಮೇಲ್ಭಾಗದಲ್ಲಿ ಒಂದು ಚಿಕ್ಕ ತುಂಡು ಒಳಗೆ ಹೋಗಿರುತ್ತೆ. ಉದ್ದ 3.5 ಸೆಂ.ಮೀ.ಗಿಂತ ಕಡಿಮೆ. ಗಂಟು ಇಲ್ಲ, ಹಿಂದಿನ ಕರುಳು ಉಬ್ಬಿಲ್ಲ, ಗೋಡೆ ಊದಿಲ್ಲ, ನೋವೂ ಇಲ್ಲ. ಕರುಳು ಹಿಂಡುವಾಗ ಆ ಕ್ಷಣಕ್ಕೆ ಒಳಗೆ ಹೋಗಿ ಮರುಕ್ಷಣ ಹೊರಗೆ ಬರುತ್ತೆ. ಅದಕ್ಕೆ ಕತ್ತರಿ ಹಾಕುವುದು ತಪ್ಪು. ಪದೇ ಪದೇ ಹೀಗೇ ಕಂಡರೆ ಸೀಲಿಯಾಕ್ ಅಂತ ಗೋಧಿ ಒಗ್ಗದ ಕಾಯಿಲೆ ಇದೆಯಾ ಅಂತ ನೋಡುವುದುಂಟು.

ಗದಗ ಪ್ರೆಸ್ ಅವರ ಅಣ್ಣನದು ಇದರ ಪೂರ್ತಿ ಉಲ್ಟಾ. ದೊಡ್ಡ ಕರುಳಿನವರೆಗೆ ಹೋಗಿದೆ, ತುದಿಯಲ್ಲಿ ಗಂಟಿದೆ, ಕರುಳು ಕಟ್ಟಿದ ಲಕ್ಷಣ ಇದೆ, ತಿಂಗಳುಗಟ್ಟಲೆ ನೋವಿದೆ. ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಳೆ ಸ್ಕ್ಯಾನಿಂಗ್ ಯಾಕೆ ನಾರ್ಮಲ್ ಬಂತು ಅಂತ ತಲೆ ಕೆಡಿಸಿಕೊಂಡಿರುತ್ತೀರಿ. ನೋವು ಹೋದ ಮೇಲೆ ಮಾಡಿಸಿರುತ್ತೀರಿ. ಆ ಹೊತ್ತಿಗೆ ಕರುಳು ತನ್ನ ಜಾಗಕ್ಕೆ ಬಂದಿರುತ್ತೆ. ಉಬ್ಬಿದ ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೂ ಸ್ಕ್ಯಾನಿಂಗ್‌ನಲ್ಲಿ ಹಿಂದಿನದು ಕಾಣಲ್ಲ. ಎಂಡೋಸ್ಕೋಪಿ ಜಠರ, ಅದರ ಮುಂದೆ ಸ್ವಲ್ಪ ದೂರ ನೋಡುತ್ತೆ ಅಷ್ಟೆ, ಸಣ್ಣ ಕರುಳಿನ ಕೊನೆಗೆ ಅದು ಮುಟ್ಟೋದೇ ಇಲ್ಲ. ಬಂದು ಹೋಗುವ ನೋವಿಗೆ ನೋವು ಇರುವಾಗಲೇ ಸ್ಕ್ಯಾನ್ ಆಗಬೇಕು. ನಾನಂತೂ ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಸಿ.ಟಿ.ಯಲ್ಲಿ ಅಡ್ಡ ಕತ್ತರಿಸಿದ ಚಿತ್ರ ನೋಡಿದರೆ ಸುತ್ತಿನೊಳಗೆ ಸುತ್ತು ಕಾಣುತ್ತೆ, ಅದಕ್ಕೆ ಟಾರ್ಗೆಟ್ ಸೈನ್ ಅಂತೀವಿ. ನಡುವೆ ಅರ್ಧಚಂದ್ರಾಕಾರದಲ್ಲಿ ಕಪ್ಪಗೆ ಕಾಣೋದು ಒಳಗೆ ಎಳೆದುಕೊಂಡು ಹೋದ ಪೊರೆಯ ಕೊಬ್ಬು, ಅದರಲ್ಲಿ ಬೆಳ್ಳಗಿನ ಚುಕ್ಕೆಗಳು ರಕ್ತನಾಳ. ಕರುಳಿನೊಳಗೆ ಈ ಕೊಬ್ಬು ಮತ್ತು ನಾಳ ಕಂಡರೆ ಬೇರೆ ಅನುಮಾನ ಉಳಿಯಲ್ಲ. ಲೈಪೋಮಾ ಕೂಡ ಕೊಬ್ಬೇ ಆದ್ದರಿಂದ ಕಪ್ಪಗೆ ಕಾಣುತ್ತೆ, ಅಂಚು ದುಂಡಗೆ ನುಣುಪಾಗಿರುತ್ತೆ. ಅದಕ್ಕೇ ಅಷ್ಟು ಧೈರ್ಯದಿಂದ ಹೆಸರು ಬರೆದಿದ್ದಾರೆ. ಬೇರೆ ಗಂಟುಗಳನ್ನು ಸಿ.ಟಿ. ನೋಡಿ ಹೀಗೆ ಗುರುತಿಸೋದು ಕಷ್ಟ.

ಹಾವೇರಿ ಏಲಕ್ಕಿ

ನಮ್ಮ ಯಜಮಾನರಿಗೆ ಆದದ್ದು ದೊಡ್ಡ ಕರುಳು ದೊಡ್ಡ ಕರುಳಿನೊಳಗೇ ಹೋದದ್ದು. ಅವರಿಗೆ 61 ವರ್ಷ. ತೂಕ ಇಳಿದಿತ್ತು, ಮಲದಲ್ಲಿ ರಕ್ತ ಹೋಗುತ್ತಿತ್ತು, ಮೂಲವ್ಯಾಧಿ ಅಂತ ಮುಲಾಮು ಹಚ್ಚುತ್ತಾ ಕೂತಿದ್ದರು. ಆಪರೇಷನ್ ಆದ ಮೇಲೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು.

ನಾನೂ ಆವತ್ತು ಇದೇ ಕೇಳಿದ್ದೆ: ಹೊಕ್ಕ ಕರುಳನ್ನು ಹೊರಗೆ ಎಳೆದು, ಗಂಟಷ್ಟೇ ತೆಗೆದರೆ ಸಾಲದಾ ಅಂತ. ಡಾಕ್ಟರ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಒಳಗೆ ಕ್ಯಾನ್ಸರ್ ಇದ್ದು ಅದನ್ನು ಹಿಂಡಿ ಎಳೆದರೆ ಕಣಗಳು ಚೆಲ್ಲಬಹುದು, ಮೆತ್ತಗಾದ ಕರುಳು ಕೈಯಲ್ಲೇ ಹರಿಯಬಹುದು. ಹಾಗಾಗಿ ಬಿಚ್ಚದೆ, ಇದ್ದ ಹಾಗೇ ಇಡಿಯಾಗಿ, ಸುತ್ತಲಿನ ಲಿಂಫ್ ಗಂಟುಗಳ (ಎಲ್ಲರ ಮೈಯಲ್ಲೂ ಇರುವ ಸಣ್ಣ ಗ್ರಂಥಿಗಳು, ಕ್ಯಾನ್ಸರ್ ಇವುಗಳಿಗೆ ಹರಡಬಹುದು) ಸಮೇತ ತೆಗೆದರು.

ಒಂದು ಮಾತು. ಬಯಾಪ್ಸಿ ರಿಪೋರ್ಟ್ ಬಂದಾಗ ಎಷ್ಟು ಲಿಂಫ್ ಗಂಟು ನೋಡಿದ್ದಾರೆ ಅಂತ ಓದಿ. ದೊಡ್ಡ ಕರುಳಿನ ಕ್ಯಾನ್ಸರ್ ಆದರೆ ಕನಿಷ್ಠ 12 ನೋಡಬೇಕು ಅಂತ ನಿಯಮ. ಕೀಮೋ ಬೇಕಾ ಬೇಡವಾ ಅಂತ ಹೇಳೋಕೆ ಆ ಲೆಕ್ಕ ಬೇಕು. ಇದನ್ನು ನಮಗೆ ನಾವಾಗಿ ಕೇಳುವವರೆಗೆ ಯಾರೂ ಹೇಳಿರಲಿಲ್ಲ.

ಗದಗ ಪ್ರೆಸ್

ಅಕ್ಕಾ, ನಿಮ್ಮದು ಓದಿ ಎದೆ ಧಸಕ್ ಅಂತು. ಅಣ್ಣನದೂ ದೊಡ್ಡ ಕರುಳಿನ ಒಳಗೇ ಇದೆಯಲ್ಲ. ಲೈಪೋಮಾ ಅಂತ ಬರೆದಿದ್ದರೂ ಬೇರೇನೋ ಇರಬಹುದಾ ಡಾಕ್ಟ್ರೇ?

ಸೂಜಿ ದಾರ

ಗಾಬರಿ ಬೇಡ. ಎಲ್ಲಿಂದ ಶುರುವಾಗಿದೆ ಅನ್ನೋದು ಮುಖ್ಯ. ಸಣ್ಣ ಕರುಳಿನಿಂದ ಶುರುವಾದರೆ ಹೆಚ್ಚಿನ ಕಾರಣಗಳು ಕೇಡಿಲ್ಲದವು: ಲೈಪೋಮಾ, ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಮೊಳಕೆಯಂಥ ಗಂಟು), ಹುಟ್ಟಿನಿಂದ ಬಂದ ಮೆಕೆಲ್ ಚೀಲ, ಹಳೆ ಆಪರೇಷನ್ನಿನ ಅಂಟು. ಕ್ಯಾನ್ಸರ್ ಇರೋದು ಸುಮಾರು ಮೂರರಲ್ಲಿ ಒಂದು ಪಾಲು, ಅದರಲ್ಲೂ ಬೇರೆ ಕಡೆಯಿಂದ ಹರಡಿ ಬಂದದ್ದೇ ಜಾಸ್ತಿ, ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ನಂಥದ್ದು. ದೊಡ್ಡ ಕರುಳಿನಿಂದಲೇ ಶುರುವಾದರೆ ಲೆಕ್ಕ ತಿರುಗುತ್ತೆ, ಅರ್ಧಕ್ಕಿಂತ ಹೆಚ್ಚು ಕ್ಯಾನ್ಸರ್. ನಿಮ್ಮಣ್ಣನ ಗಂಟು ಸಣ್ಣ ಕರುಳಿನದು, ನೋಡೋಕೂ ಕೊಬ್ಬು. ಎರಡೂ ಒಳ್ಳೆ ಕಡೆಗೇ ಇವೆ. ಆದರೂ ಕೊನೆ ಮಾತು ಬಯಾಪ್ಸಿಯದು. ನಮ್ಮ ಕಡೆ ಆ ಜಾಗದಲ್ಲಿ ಕರುಳಿನ ಟಿ.ಬಿ. ಕೂಡ ಕಾಣುತ್ತೇವೆ, ಅದನ್ನೂ ಪೆಥಾಲಜಿಯವರು ನೋಡುತ್ತಾರೆ.

ಸರ್ಜನ್‌ಗಳಲ್ಲೂ ಇಲ್ಲಿ ಎರಡು ಮತ ಇದೆ. ದೊಡ್ಡ ಕರುಳಾದರೆ ಬಿಚ್ಚದೆ ತೆಗೀಬೇಕು ಅನ್ನೋದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಸಣ್ಣ ಕರುಳಾದರೆ, ಗಂಟು ಕೇಡಿಲ್ಲದ್ದು ಅಂತ ಖಾತ್ರಿ ಇದ್ದು ಕರುಳು ಕೆಂಪಗಿದ್ದರೆ, ಮೆಲ್ಲಗೆ ಬಿಚ್ಚಿ ಸ್ವಲ್ಪವೇ ತೆಗೆದು ಉಳಿದ ಕರುಳು ಉಳಿಸಬಹುದು ಅಂತ ಕೆಲವರು. ನಾನು ಎರಡನೆಯದಕ್ಕೂ ಒಪ್ಪುತ್ತೇನೆ, ಆದರೆ ಊತ ಇದ್ದರೆ ಎಳೆಯೋಕೆ ಹೋಗಲ್ಲ. ಇವರದು ಎರಡೂ ಕರುಳು ಸೇರುವ ಜಾಗ. ಹೊಟ್ಟೆ ತೆರೆದ ಮೇಲೆ ನಿಮ್ಮ ಸರ್ಜನ್ ಕಣ್ಣಿಂದ ನೋಡಿ ನಿರ್ಧಾರ ಮಾಡುತ್ತಾರೆ. ‘ಮೊದಲೇ ಖಚಿತವಾಗಿ ಹೇಳಿ’ ಅಂತ ಒತ್ತಾಯ ಮಾಡಬೇಡಿ. ಕೇಳಬೇಕಾದ್ದು ಇಷ್ಟು: ಕರುಳು ಅಲ್ಲೇ ಜೋಡಿಸುತ್ತೀರಾ, ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಇಡುವ ಸಾಧ್ಯತೆ ಇದೆಯಾ?

ಸಾಧನಕೇರಿ

ಅಣ್ಣನ ತುಟಿ ಮೇಲೆ, ಬಾಯಿ ಒಳಗೆ ಕಪ್ಪು-ಕಂದು ಚುಕ್ಕೆ ಇದೆಯಾ ನೋಡಿ. ನನ್ನ ತಂಗಿ ಮಗಳಿಗೆ ಚಿಕ್ಕಂದಿನಿಂದ ಇತ್ತು, ಮಚ್ಚೆ ಅಂದುಕೊಂಡಿದ್ದೆವು. 19ಕ್ಕೆ ಕರುಳು ಹೊಕ್ಕು ಆಪರೇಷನ್ ಆಯ್ತು. ಆಗ ಗೊತ್ತಾಯ್ತು, ಪ್ಯೂಟ್ಸ್-ಯೆಗರ್ಸ್ ಅನ್ನುವ ವಂಶದಲ್ಲಿ ಬರುವ ಕಾಯಿಲೆ. ಕರುಳು ತುಂಬ ಪಾಲಿಪ್. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ಈಗ ಕಾಲಕಾಲಕ್ಕೆ ಕ್ಯಾಪ್ಸೂಲ್ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಮಾತ್ರೆ ನುಂಗಿಸಿ ಕರುಳು ನೋಡುವುದು) ಮಾಡಿ, ದೊಡ್ಡ ಪಾಲಿಪ್ ಇದ್ದರೆ ಉದ್ದನೆಯ ಬಲೂನ್ ಸ್ಕೋಪ್‌ನಿಂದ ತೆಗೆಯುತ್ತಾರೆ, ಕರುಳು ಮತ್ತೆ ಹೊಕ್ಕದಿರಲಿ ಅಂತ. ಹುಡುಗಿ ಈಗ ಬಿ.ಎಡ್. ಮಾಡುತ್ತಿದ್ದಾಳೆ, ಆರಾಮ್ ಇದ್ದಾಳೆ.

ಗದಗ ಪ್ರೆಸ್

ಟಾರ್ಚ್ ಬಿಟ್ಟು ನೋಡಿದೆ, ಚುಕ್ಕೆ ಏನೂ ಇಲ್ಲ. ಗುಟ್ಕಾ ಕಲೆ ಇದೆ, ಅದರ ಲೆಕ್ಕ ಆಮೇಲೆ ನೋಡ್ಕೋತೀನಿ.

ಖರ್ಚಿನ ಬಗ್ಗೆ ಯಾರಾದರೂ ಹೇಳಿ. ಬಿ.ಪಿ.ಎಲ್. ಕಾರ್ಡ್ ಇದೆ.

ಉಣಕಲ್ ವಾಕರ್

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ವೆಚ್ಚ ಸರ್ಕಾರದ್ದು. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ 30% ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದವರೆಗೆ. ನೀವಿರುವ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಅಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್ ತಗೊಂಡು ಆಪರೇಷನ್ನಿಗೆ ಮೊದಲೇ ಹೋಗಿ, ಡಿಸ್ಚಾರ್ಜ್ ದಿನ ಹೋದರೆ ಕಷ್ಟ. ಸರ್ಕಾರಿ ಆಸ್ಪತ್ರೆಗಳಾದ ಹುಬ್ಬಳ್ಳಿ ಕಿಮ್ಸ್‌ನಲ್ಲಿ (ಈಗ ಕೆ.ಎಂ.ಸಿ.ಆರ್.ಐ.), ಗದಗದ ಜಿಮ್ಸ್‌ನಲ್ಲಿ ಕೂಡ ಸರ್ಜರಿ ವಿಭಾಗ ಇದೆ, ದುಡ್ಡಿಲ್ಲ ಅಂತ ಆಪರೇಷನ್ ಮುಂದೂಡಬೇಡಿ.

ಗದಗ ಪ್ರೆಸ್

ಆಪರೇಷನ್ ಆಯ್ತು. ಸರ್ಜನ್ ಹೊರಗೆ ಬಂದು ತೆಗೆದ ಭಾಗವನ್ನು ಟ್ರೇನಲ್ಲಿ ತೋರಿಸಿದರು. ಹೊಕ್ಕ ಕರುಳು ನೇರಳೆ ಬಣ್ಣಕ್ಕೆ ತಿರುಗಿ ದಪ್ಪ ಆಗಿತ್ತು. ಕೊಯ್ದು ಬಿಡಿಸಿದಾಗ ತುದಿಯಲ್ಲಿ ಹಳದಿ ಗಂಟು, ನುಣ್ಣಗೆ ಹೊಳೆಯುತ್ತಿತ್ತು, ನೆತ್ತಿಯ ಮೇಲೆ ಸ್ವಲ್ಪ ಹುಣ್ಣಾಗಿತ್ತು. ಊತ ಜಾಸ್ತಿ ಇದ್ದದ್ದರಿಂದ ಬಿಚ್ಚೋಕೆ ಹೋಗಲಿಲ್ಲವಂತೆ. ಸಣ್ಣ ಕರುಳಿನ ತುದಿ, ದೊಡ್ಡ ಕರುಳಿನ ಶುರುವಿನ ಭಾಗ, ಅಪೆಂಡಿಕ್ಸ್ ಸಮೇತ ತೆಗೆದು ಅಲ್ಲೇ ಜೋಡಿಸಿದ್ದಾರೆ. ಚೀಲ ಇಟ್ಟಿಲ್ಲ.

ರೌಂಡ್ಸ್‌ಗೆ ಬಂದವರೆಲ್ಲ ‘ಗ್ಯಾಸ್ ಹೋಯ್ತಾ?’ ಅಂತ ಕೇಳುತ್ತಿದ್ದರು. ಹೋದಾಗ ಇಡೀ ಮನೆಯವರಿಗೆ ಹಬ್ಬ. ಅಮ್ಮ ಪಕ್ಕದ ಬೆಡ್‌ನವರಿಗೂ ಫೇಡೆ ಹಂಚಿಸಿದಳು.

ನವಲಗುಂದ ಜಮಖಾನ

ಫೇಡೆ ಅಣ್ಣನಿಗೆ ಕೊಟ್ಟಿಲ್ಲ ತಾನೇ! ಕರುಳು ಓಡಾಡೋಕೆ ಶುರು ಮಾಡಿದೆ ಅಂತ ಅರ್ಥ. ಮೊದಲು ನೀರು, ಗಂಜಿ, ಆಮೇಲೆ ಮೆತ್ತನೆ ಅನ್ನ. ಎಬ್ಬಿಸಿ ನಡೆಸಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು. ಕೆಮ್ಮುವಾಗ ದಿಂಬು ಹೊಟ್ಟೆಗೆ ಒತ್ತಿ ಹಿಡಿಯಲಿ. ಜ್ವರ ಬಂದರೆ, ಹೊಟ್ಟೆ ಮತ್ತೆ ಉಬ್ಬಿದರೆ, ನಾಡಿ ಓಡಿದರೆ ಮುಚ್ಚಿಡಬೇಡಿ. ಜೋಡಿಸಿದ ಜಾಗ ಸೋರಿದರೆ ಗೊತ್ತಾಗೋದು ಹೀಗೇ, ಅದೂ ಮೊದಲ ವಾರ ಹತ್ತು ದಿನದಲ್ಲೇ ಜಾಸ್ತಿ.

ಗದಗ ಪ್ರೆಸ್

ಬಯಾಪ್ಸಿ ಬಂತು: ಲೈಪೋಮಾ, ಕ್ಯಾನ್ಸರ್ ಇಲ್ಲ, ಟಿ.ಬಿ. ಇಲ್ಲ. ಮನೆಗೆ ಬಂದಿದ್ದೇವೆ. ಎಲ್ಲರಿಗೂ ಕೈ ಮುಗಿದು ಧನ್ಯವಾದ. ಇನ್ನೆರಡು ಪ್ರಶ್ನೆ. ದಿನಕ್ಕೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗುತ್ತಿದೆ, ಇದು ಸರಿನಾ? ಪ್ರೆಸ್‌ಗೆ ಯಾವಾಗ ಹೋಗಬಹುದು? ಈಗಲೇ ಚಡಪಡಿಸುತ್ತಿದ್ದಾನೆ, ಲಗ್ನಪತ್ರಿಕೆ ಸೀಸನ್.

ಸೂಜಿ ದಾರ

ಬಹಳ ಸಂತೋಷ. ಎರಡು ಕರುಳಿನ ನಡುವಿನ ಕವಾಟ ಹೋಗಿದೆ, ಪಿತ್ತರಸ ಹೀರುವ ಭಾಗವೂ ಸ್ವಲ್ಪ ಹೋಗಿದೆ. ಹಾಗಾಗಿ ಕೆಲವು ವಾರ ಹೀಗಿರುತ್ತೆ, ನಿಧಾನಕ್ಕೆ ಗಟ್ಟಿಯಾಗುತ್ತೆ. ಆಗದಿದ್ದರೆ ಅದಕ್ಕೆ ಪುಡಿ ಔಷಧಿ ಇದೆ. ಡಿಸ್ಚಾರ್ಜ್ ಸಮರಿಯಲ್ಲಿ ಸಣ್ಣ ಕರುಳು ಎಷ್ಟು ತೆಗೆದಿದ್ದಾರೆ ಅಂತ ನೋಡಿ. 60 ಸೆಂ.ಮೀ. ಹತ್ತಿರ ಅಥವಾ ಜಾಸ್ತಿ ಇದ್ದರೆ ಬಿ12 ಇಂಜೆಕ್ಷನ್ ಬೇಕಾಗುತ್ತೆ. ಸಾಮಾನ್ಯವಾಗಿ ಇಂಥ ಆಪರೇಷನ್ನಿನಲ್ಲಿ ಅಷ್ಟು ಹೋಗಿರಲ್ಲ.

ಕೂತು ಪ್ರೂಫ್ ನೋಡೋದಕ್ಕೆ ಹೊಲಿಗೆ ಬಿಚ್ಚಿದ ಮೇಲೆ ಹೋಗಲಿ. ಕಾಗದದ ಬಂಡಲ್ ಎತ್ತೋದು ಒಂದೂವರೆ ಎರಡು ತಿಂಗಳು ಬೇಡ, ಕೊಯ್ದ ಜಾಗದಲ್ಲಿ ಹರ್ನಿಯಾ ಆದೀತು. ಎತ್ತೋಕೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳಿ.

ಗದಗ ಪ್ರೆಸ್

ಹುಡುಗ ಯಾಕೆ ಸರ್, ನಾನೇ ಇದ್ದೀನಲ್ಲ. ಸಮರಿ ನೋಡಿದೆ, 14 ಸೆಂ.ಮೀ. ಅಂತ ಇದೆ.

ಸೂಜಿ ದಾರ

ಹಾಗಾದರೆ ಬಿ12 ಚಿಂತೆ ಬಿಡಿ. ಸಮರಿ ಮತ್ತು ಬಯಾಪ್ಸಿ ಎರಡನ್ನೂ ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಹೊಟ್ಟೆನೋವು ಅಂತ ಹೋದರೆ ಮೊದಲು ಅದನ್ನೇ ತೋರಿಸಿ.